ಎರಡು ಹೆಬ್ಬೆರಳು, ಒಂದು ಕಿರುಬೆರಳು

ನನಗೆ ಅನುಮಾನದ ಕಾಯಿಲೆ ಇದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ನ್ಯಾಯಾಲಯದಲ್ಲಿ ಕುಳಿತು ಜನ ಹೇಳುವ ಸುಳ್ಳನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಳ್ಳುವುದೇ ಹೊಟ್ಟೆಪಾಡಾದರೆ ಯಾರಿಗೆ ತಾನೇ ಈ ಕಾಯಿಲೆ ಅಂಟುವುದಿಲ್ಲ? ನಮ್ಮ ಬೀದಿಯ ದರ್ಜಿ "ನಾಳೆ ಖಂಡಿತ ಕೊಡ್ತೀನಿ" ಎಂದರೆ ಸಾಕು, ಅವನನ್ನು ಕಟಕಟೆಗೆ ಹತ್ತಿಸಿ ಪ್ರಮಾಣ ಮಾಡಿಸಬೇಕು ಅನಿಸುತ್ತದೆ.

ನಾನು ಶೀಘ್ರಲಿಪಿಗಾರ್ತಿ. ಪೆನ್ಸಿಲ್ಲಿನಲ್ಲಿ ಗೀಚುವ ಶೀಘ್ರಲಿಪಿಯಲ್ಲ, ಯಂತ್ರದ್ದು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲುವ ಪುಟ್ಟ ಕರಿ ಪೆಟ್ಟಿಗೆ ಅದು. ಕೀಲಿಗಳು ಕೆಲವೇ ಕೆಲವು, ಅವುಗಳ ಮೇಲೆ ಅಕ್ಷರವೇ ಇರುವುದಿಲ್ಲ. ಹಾರ್ಮೋನಿಯಂ ನುಡಿಸುವವರ ಹಾಗೆ ಹಲವು ಕೀಲಿಗಳನ್ನು ಒಟ್ಟಿಗೇ ಒತ್ತಬೇಕು. ಒಂದು ಒತ್ತಿಗೆ ಒಂದು ಪದ, ಪಳಗಿದವರಿಗೆ ಒಂದು ಒತ್ತಿಗೆ ಇಡೀ ವಾಕ್ಯ. ಟೈಪ್‌ರೈಟರಿನಂತೆ ಗಲಾಟೆ ಮಾಡುವುದಿಲ್ಲ. ಸಣ್ಣ ಕಾಗದದ ಪಟ್ಟಿ ಹಿಂದಿನಿಂದ ಹೊರಬಂದು ಮಡಿಕೆ ಮಡಿಕೆಯಾಗಿ ಬೀಳುತ್ತಿರುತ್ತದೆ.

ಈ ವಿದ್ಯೆ ಕಲಿಸಿದವರು ನನ್ನಪ್ಪ. ನನಗಿಂತ ಮೊದಲು ಅದೇ ಕಟ್ಟಡದಲ್ಲಿ, ಅದೇ ಯಂತ್ರದ ಮುಂದೆ ಕುಳಿತಿದ್ದವರು ಅವರೇ. ಕಲಿಸುವಾಗ ಅವರು ಕಾಗದವನ್ನು ಒಂದು ಸಲವೂ ನೋಡುತ್ತಿರಲಿಲ್ಲ. ನನ್ನ ಎದುರಿಗೆ ಕುರ್ಚಿ ಹಾಕಿಕೊಂಡು ಬೆರಳನ್ನಷ್ಟೇ ನೋಡುತ್ತಾ, "ಉಂಗುರದ ಬೆರಳು ಮೇಲೆ ಹೋಯ್ತು, ಕೆಳಗೆ ತಾ" ಎಂದು ಗದರುತ್ತಿದ್ದರು. ಎಷ್ಟೋ ಒತ್ತುಗಳನ್ನು ಅವರೇ ಕಟ್ಟಿದ್ದು, ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಸಾಕ್ಷಿಗಳು ಅತಿ ಹೆಚ್ಚು ಸಲ ಹೇಳುವ ಮಾತು "ನನಗೆ ಗೊತ್ತಿಲ್ಲ" ಎಂಬುದಾದ್ದರಿಂದ ಅದಕ್ಕೆ ಅತಿ ಸುಲಭದ ಒತ್ತನ್ನು ಇಟ್ಟಿದ್ದರು. ಎರಡು ಹೆಬ್ಬೆರಳು, ಬಲಗೈಯ ಕಿರುಬೆರಳು, ಮುಗಿಯಿತು. "ಹೆಚ್ಚು ಓಡಾಡೋ ಸುಳ್ಳಿಗೆ ಹತ್ತಿರದ ದಾರಿ ಮಾಡಿಕೊಡಬೇಕು ಕಣಮ್ಮ" ಎಂದು ನಗುತ್ತಿದ್ದರು. ನನ್ನ ಕಾಗದವನ್ನು ಆ ಕಟ್ಟಡದಲ್ಲಿ ಬೇರೆ ಯಾರೂ ಓದಲಾರರು ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬವೇ ಕುತ್ತಿಗೆಗೆ ಬಂತು.

ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಗಾರನೊಬ್ಬನ ತೋಳು ಯಂತ್ರದ ಬೆಲ್ಟಿಗೆ ಸಿಕ್ಕಿ ಹೋಗಿತ್ತು. ಬೆಲ್ಟಿನ ಮೇಲೆ ಇರಬೇಕಾದ ಕಬ್ಬಿಣದ ಜಾಲರಿಯನ್ನು ಮಾಲೀಕರು ಮೊದಲೇ ತೆಗೆಸಿದ್ದರು ಎಂಬುದು ದೂರು. ಜಾಲರಿ ಇತ್ತು, ಅವನೇ ಕೈ ಹಾಕಿದ ಎಂಬುದು ಅವರ ವಾದ. ನೋಡಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಧೈರ್ಯ ಮಾಡಿದವಳು ಅಲ್ಲಿ ನೆಲ ಒರೆಸುವ ಹೆಂಗಸೊಬ್ಬಳೇ. ಅವಳಿಗೆ ಭಯವಿದ್ದದ್ದರಿಂದ ನ್ಯಾಯಾಧೀಶರು ಅವಳ ಹೇಳಿಕೆಯನ್ನು ತಮ್ಮ ಒಳಕೋಣೆಯಲ್ಲಿ, ಬಾಗಿಲು ಮುಚ್ಚಿ, ಕಂತು ಕಂತಾಗಿ ಬರೆಸಿಕೊಳ್ಳತೊಡಗಿದರು. ಒಳಗೆ ಇದ್ದವರು ಅವರು, ಅವಳು, ನಾನು.

ಮೊದಲ ಸಲ ಅವಳು, "ಆ ಜಾಲರೀನ ನೀರಿನ ಟ್ಯಾಂಕ್ ಹಿಂದೆ ಬಿಸಾಕಿದ್ರು, ನಾನೇ ನೋಡ್ದೆ" ಎಂದಳು. ಮರುದಿನ ಪೊಲೀಸರು ಹೋಗಿ ನೋಡಿದರೆ ಟ್ಯಾಂಕಿನ ಹಿಂದೆ ಹಸಿ ಸಿಮೆಂಟು, ಜಾಲರಿಯ ಸುಳಿವಿಲ್ಲ. ಎರಡನೆಯ ಸಲ ಕಾವಲುಗಾರನೂ ನೋಡಿದ್ದಾನೆ ಎಂದಳು. ಅವನಿಗೆ ಸಮನ್ಸ್ ತಲುಪುವಷ್ಟರಲ್ಲಿ ಅವನ ಮನೆಗೆ ಬೀಗ ಬಿದ್ದಿತ್ತು.

ನ್ಯಾಯಾಧೀಶರು ನನ್ನನ್ನು ಒಳಗೆ ಕರೆದರು. ಕುಳಿತುಕೊಳ್ಳಿ ಎನ್ನಲಿಲ್ಲ.

"ಒಳಗಿದ್ದದ್ದು ಮೂರು ಜನ. ನಾನು ಯಾರಿಗೂ ಹೇಳಿಲ್ಲ. ಆ ಹೆಂಗಸು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ಳಲ್ಲ. ನಿಮ್ಮ ಕಾಗದ ನಿಮ್ಮನ್ನ ಬಿಟ್ರೆ ಯಾರೂ ಓದೋಕಾಗಲ್ಲ ಅಂತ ನೀವೇ ಹೇಳ್ತೀರಿ."

"ಸರ್, ನನ್ನ ಬಾಯಿಂದ ಒಂದು ಮಾತೂ ಆಚೆ ಹೋಗಿಲ್ಲ."

"ನೋಡೋಣ" ಎಂದರು. ಆ 'ನೋಡೋಣ' ಎಂಥದ್ದು ಎಂದು ಇಷ್ಟು ವರ್ಷ ಅವರ ಮಾತು ಬರೆದವಳಿಗೆ ಗೊತ್ತಾಗದೇ ಇರುತ್ತದೆಯೇ? ಕೆಲಸ ಹೋಗುವುದಷ್ಟೇ ಅಲ್ಲ, ನನ್ನ ಮೇಲೆಯೇ ಕೇಸು ಬೀಳುತ್ತದೆ. ಸಿಟ್ಟಿಗೆ ಮೈಯೆಲ್ಲ ಉರಿಯಿತು.

ಮೊದಲ ಅನುಮಾನ ಒಳಕೋಣೆಯ ಜವಾನನ ಮೇಲೆ. ದಪ್ಪ ಗಾಜಿನ ಕನ್ನಡಕದೊಳಗಿಂದ ಕಣ್ಣು ಮಿಟುಕಿಸದೆ ನೋಡುವ ಅವನಿಗೆ ಕಟ್ಟಡದಲ್ಲೆಲ್ಲ ಗೂಬೆ ಎಂದೇ ಹೆಸರು. ಬಾಗಿಲಿಗೆ ಕಿವಿ ಹಚ್ಚುತ್ತಾನೇನೋ ಎಂದು ನಾನೇ ಹೊರಗೆ ನಿಂತು, ಕಚೇರಿಯ ಟೈಪಿಸ್ಟ್ ಹುಡುಗಿಯನ್ನು ಒಳಗೆ ಗಟ್ಟಿಯಾಗಿ ಓದಲು ಹೇಳಿ ಪರೀಕ್ಷಿಸಿದೆ. ದಪ್ಪ ಮರದ ಬಾಗಿಲು, ಕೆಮ್ಮೂ ಕೇಳಲಿಲ್ಲ. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ.

ಎರಡನೆಯದು, ಹೇಳಲು ನಾಚಿಕೆ, ನನ್ನ ಗಂಡನ ಮೇಲೆ. ಅವರಿಗೆ ನೀರಿನ ಪಂಪು ರಿಪೇರಿಯ ಅಂಗಡಿ. ಆ ಕಾರ್ಖಾನೆಯ ಪಂಪುಗಳೂ ಅಲ್ಲಿಗೇ ಬರುತ್ತವೆ. ನಿದ್ದೆಯಲ್ಲಿ ಬಡಬಡಿಸುತ್ತೇನೋ ಏನೋ, ಇವರು ಕೇಳಿಸಿಕೊಂಡು ಗಿರಾಕಿಯನ್ನು ಮೆಚ್ಚಿಸುತ್ತಾರೋ ಏನೋ. ಊಟಕ್ಕೆ ಕುಳಿತಾಗ ಬೇಕೆಂದೇ ಒಂದು ಸುಳ್ಳು ಬಿಟ್ಟೆ. "ರೀ, ಯಾರಿಗೂ ಹೇಳ್ಬೇಡಿ. ಆ ಹೆಂಗಸಿನ ತಮ್ಮನ ಹತ್ರ ಫೋಟೋ ಇದೆಯಂತೆ." ಅವಳಿಗೆ ತಮ್ಮನೇ ಇರಲಿಲ್ಲ.

ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಇಷ್ಟು ವರ್ಷ ಕೋರ್ಟಿನ ಮಾತು ಮನೇಲಿ ಒಂದಿನ ಆಡಿದವಳಲ್ಲ. ಇವತ್ತು ಯಾಕೆ ಹೇಳ್ತಿದ್ದೀಯ? ನನ್ನನ್ನ ಪರೀಕ್ಷೆ ಮಾಡ್ತಿದ್ದೀಯಾ?"

ಅವರು ತಟ್ಟೆ ಬಿಟ್ಟು ಎದ್ದರು. ಫೋಟೋದ ಸುದ್ದಿ ಎಲ್ಲೂ ಹೋಗಲಿಲ್ಲ. ಅವರ ಮುನಿಸು ಮಾತ್ರ ಮನೆಯಲ್ಲೇ ಉಳಿಯಿತು.

ಮನೆಯಲ್ಲಿ ಇನ್ನುಳಿದದ್ದು ಅಪ್ಪ. ಅವರ ಮೇಲೆ ಅನುಮಾನ ಪಡುವ ಮಾತೇ ಇರಲಿಲ್ಲ, ಏಕೆಂದರೆ ಅಪ್ಪನಿಗೆ ಕಿವಿ ಕೇಳುವುದಿಲ್ಲ. ಜನರ ಮಾತನ್ನೇ ನಂಬಿ ಬದುಕಿದ ಮನುಷ್ಯನಿಗೆ ಕಿವಿಯೇ ಕೈಕೊಟ್ಟಿತ್ತು. ಆ ಕಾರಣಕ್ಕೇ ಅವರು ಕೆಲಸ ಬಿಟ್ಟದ್ದು. ಈಗ ಅವರ ಮಾತೂ ಗಟ್ಟಿ, ಪಕ್ಕದ ಮನೆಯವರಿಗೂ ಕೇಳುವಷ್ಟು. ಅವರಿಗೆ ಏನಾದರೂ ಹೇಳಬೇಕಾದರೆ ಸ್ಲೇಟಿನಲ್ಲಿ ಬರೆಯಬೇಕು. ನನಗಾಗಲೀ ನನ್ನ ಗಂಡನಿಗಾಗಲೀ ಅಷ್ಟು ಪುರುಸೊತ್ತಿಲ್ಲ. ಊಟ, ಔಷಧಿ, ಸ್ನಾನ, ಇಷ್ಟನ್ನು ಕೈಸನ್ನೆಯಲ್ಲೇ ಮುಗಿಸುತ್ತಿದ್ದೆವು. ಸ್ಲೇಟು ಹಿಡಿದು ಕೂರುತ್ತಿದ್ದವನು ಒಬ್ಬನೇ, ಕುದುರೆ ಮಾವ. ಹಿಂದೆ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದ ಅವನು ಅಪ್ಪನ ಹಳೆಯ ಸ್ನೇಹಿತ. ಚದುರಂಗದಲ್ಲಿ ಸಂದು ಸಿಕ್ಕರೆ ಕುದುರೆಯನ್ನೇ ಓಡಿಸುತ್ತಿದ್ದದ್ದರಿಂದ ಆ ಹೆಸರು. ಈಚೆಗೆ ದಿನಾ ಸಂಜೆ ತಪ್ಪದೆ ಬರುತ್ತಿದ್ದ. ಅವರಿಬ್ಬರೂ ಜಗಲಿಯಲ್ಲಿ ಆಟ ಹೂಡಿದೊಡನೆ ಅಪ್ಪನ ದನಿ ತಾಳಲಾರದೆ ನಾವು ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆವು.

ಮೂರನೆಯ ಸಲ ನಾನು ಕಾಗದದ ಪಟ್ಟಿಯನ್ನು ನ್ಯಾಯಾಧೀಶರ ಕಣ್ಣೆದುರೇ ಅವರ ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಅವರ ಕೈಗೇ ಕೊಟ್ಟೆ. ಆ ದಿನ ಹೆಂಗಸು ತಾನು ಈಗ ಎಲ್ಲಿದ್ದೇನೆ ಎಂಬುದನ್ನು ಹೇಳಿದ್ದಳು. ರೈಲು ಹಳಿಯ ಆಚೆ ಬದಿ, ಅಕ್ಕನ ಮನೆ. ಮಾರನೆಯ ಬೆಳಿಗ್ಗೆ ಆ ಮನೆಯ ಎದುರು ಇಬ್ಬರು ಗಂಡಸರು ಬೈಕಿಗೆ ಒರಗಿ ನಿಂತಿದ್ದರಂತೆ. ಏನೂ ಮಾಡಲಿಲ್ಲ, ಏನೂ ಕೇಳಲಿಲ್ಲ, ಸುಮ್ಮನೆ ನಿಂತಿದ್ದರು. ಅವಳನ್ನು ಪೊಲೀಸರು ಬೇರೆ ಕಡೆಗೆ ಸಾಗಿಸಿದರು. ಹೊರಡುವ ಮುಂಚೆ ನ್ಯಾಯಾಲಯದ ಮೆಟ್ಟಿಲಲ್ಲಿ ನನ್ನ ಎದುರಿಗೇ ಸಿಕ್ಕಳು.

"ನೀವೂ ಹೆಣ್ಣೇ ಅಲ್ವಾ ಅಕ್ಕ?" ಎಂದಳು, ಅಷ್ಟೇ.

ಅದಕ್ಕಿಂತ ಅವಳು ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು.

ನ್ಯಾಯಾಧೀಶರು ಮಾತು ಬೆಳೆಸಲಿಲ್ಲ. "ಸೋಮವಾರದಿಂದ ಬೇರೆ ಸ್ಟೆನೋ ಬರ್ತಾರೆ. ನಿಮ್ಮ ಮೇಲಿನ ದೂರೂ ಅವತ್ತೇ ಹೋಗುತ್ತೆ" ಎಂದು ಮುಗಿಸಿದರು.

ಮನೆಗೆ ಬಂದು ಮೇಜಿನ ಮುಂದೆ ಕುಸಿದೆ. ಎದುರಿಗೆ ಅಪ್ಪ ಕಿತ್ತಳೆ ಸುಲಿಯುತ್ತಾ ಕುಳಿತಿದ್ದರು. ಕಾಗದ ಬೀಗದೊಳಗಿತ್ತು, ಬಾಯಿ ಬಿಟ್ಟಿರಲಿಲ್ಲ, ಗಂಡನೊಂದಿಗೆ ಮಾತೇ ಇರಲಿಲ್ಲ. ಮತ್ತೆ ಹೇಗೆ ಹೋಯಿತು? ಸುತ್ತಿ ಬಳಸಿ ಸಿಟ್ಟೆಲ್ಲ ಗೂಬೆಯ ಮೇಲೇ ತಿರುಗಿತು. ಎಲ್ಲ ಅವನದೇ ಕಿತಾಪತಿ, ನಾಳೆ ಹೋಗಿ ಆ ಕನ್ನಡಕ ಕಿತ್ತು ನೆಲಕ್ಕೆ ಒಡೆಯುತ್ತೇನೆ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

"ಕನ್ನಡಕ ಒಡೀಬೇಡ ಕಣಮ್ಮ" ಎಂದರು ಅಪ್ಪ, ಕಿತ್ತಳೆಯ ನಾರು ತೆಗೆಯುತ್ತಾ. "ಪಾಪ, ಅದಿಲ್ಲದೆ ಅವನಿಗೆ ಮೆಟ್ಟಿಲೂ ಕಾಣಲ್ಲ."

ನಾನು ತುಟಿ ಅಲುಗಿಸಿರಲಿಲ್ಲ. ಕಣ್ಣು ಕೆಳಗಿಳಿಸಿದೆ. ನನ್ನ ಹತ್ತೂ ಬೆರಳುಗಳು ಮೇಜಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿಕೊಂಡಿದ್ದವು. ಎಡಗೈ ಉಂಗುರದ ಬೆರಳು ಇನ್ನೂ ಒತ್ತಿಯೇ ಇತ್ತು.

ಯಂತ್ರದ ಶೀಘ್ರಲಿಪಿಯವರಿಗೆಲ್ಲ ಇರುವ ಚಟವೇ ಅದು. ತಲೆಯಲ್ಲಿ ಮಾತು ಓಡಿದರೆ ಬೆರಳೂ ಓಡುತ್ತದೆ. ಬಸ್ಸಿನ ಕಂಬಿಯ ಮೇಲೆ, ಮಡಿಲಿನ ಚೀಲದ ಮೇಲೆ, ದಿಂಬಿನ ಮೇಲೆ. ಕೆಲಸದಿಂದ ಬಂದು ಚಹಾ ಆರುವವರೆಗೂ ನಾನು ಆ ದಿನ ಕೇಳಿದ್ದನ್ನೆಲ್ಲ ಈ ಮೇಜಿನ ಮೇಲೆ ಮತ್ತೊಮ್ಮೆ ಬರೆಯುತ್ತಿದ್ದೆ, ನನಗೇ ಅರಿವಿಲ್ಲದೆ. ಎದುರಿಗೆ ಕುಳಿತಿದ್ದವರು ಕಾಗದ ನೋಡದೆ ಬೆರಳನ್ನಷ್ಟೇ ನೋಡಿ ಕಲಿಸಿದ ಗುರು. ಜಾಲರಿ, ಕಾವಲುಗಾರ, ಅಕ್ಕನ ಮನೆ, ಎಲ್ಲವನ್ನೂ ನಾನೇ ನನ್ನ ಕೈಯಾರೆ ಬಡಿಸಿದ್ದೆ. ಆಮೇಲೆ ಜಗಲಿಯ ಕಡೆಯ ಬಾಗಿಲು ಮುಚ್ಚಿಕೊಂಡಿದ್ದೆ.

ಈ ಸಲ ಬೇಕೆಂದೇ ಒತ್ತಿದೆ, ನಿಧಾನವಾಗಿ. "ಒಳಕೋಣೆಯ ಮಾತನ್ನು ಮಾವನಿಗೆ ಹೇಳಿದ್ದು ನೀವಾ?"

ಅಪ್ಪನ ಕೈಯಲ್ಲಿದ್ದ ಕಿತ್ತಳೆ ತೊಳೆ ಅಲ್ಲೇ ನಿಂತಿತು. ಅದನ್ನು ತಟ್ಟೆಯಲ್ಲಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಮೇಜಿನ ಮೇಲೆ ಇಟ್ಟರು. ಎಷ್ಟೋ ವರ್ಷಗಳಿಂದ ಏನನ್ನೂ ಬರೆಯದ ಬೆರಳುಗಳು ಒತ್ತಿದವು. ಎರಡು ಹೆಬ್ಬೆರಳು, ಒಂದು ಕಿರುಬೆರಳು.

ನನಗೆ ಗೊತ್ತಿಲ್ಲ.

ನನಗೆ ಎಲ್ಲಿತ್ತೋ ಸಿಟ್ಟು, ಮೇಜನ್ನು ಅಂಗೈಯಿಂದ ಬಡಿದೆ. ತಟ್ಟೆ ಕುಣಿಯಿತು. "ಅದು ಸುಳ್ಳುಗಾರರ ಒತ್ತು ಅಂತ ಹೇಳಿಕೊಟ್ಟವರು ನೀವೇ" ಎಂದು ಒತ್ತಿದೆ. "ನನ್ನ ಕೆಲಸ ಹೋಗ್ತಿದೆ. ಆ ಹೆಂಗಸಿನ ಮನೆ ಮುಂದೆ ಗೂಂಡಾಗಳು ನಿಂತಿದ್ರು."

ಅವರ ಮುಖದ ರಕ್ತವೇ ಇಳಿದುಹೋಯಿತು. ಕುದುರೆ ಮಾವ ಆ ಸುದ್ದಿಯನ್ನೆಲ್ಲ ಮಾಲೀಕರಿಗೆ ಮುಟ್ಟಿಸುತ್ತಿರಬಹುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಅಷ್ಟನ್ನು ನಾನು, ಅನುಮಾನದ ಪಿಶಾಚಿ, ಈಗಲೂ ನಂಬುತ್ತೇನೆ. ಆಮೇಲೆ ಅವರು ಒತ್ತತೊಡಗಿದರು, ತಡೆದು ತಡೆದು.

"ಮೊದಮೊದಲು ನೀನು ನನ್ನ ಹತ್ರಾನೇ ಮಾತಾಡ್ತಿದ್ದೀಯ ಅಂದ್ಕೊಂಡೆ. ಆಮೇಲೆ ನಿನ್ನ ಬೆರಳು ಓಡೋದು ನಿನಗೇ ತಿಳಿದಿಲ್ಲ ಅಂತ ಗೊತ್ತಾಯ್ತು. ಹೇಳಿದ್ರೆ ನಿಲ್ಲಿಸಿಬಿಡ್ತೀಯ ಅಂತ ಸುಮ್ಮನಾದೆ."

"ಮಾವನಿಗೆ ಯಾಕೆ ಹೇಳಿದ್ರಿ? ಗುಟ್ಟು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅವನು ಮೊದಲು ಯಾವಾಗಲೋ ಒಮ್ಮೆ ಬರ್ತಿದ್ದ. ಈ ಕತೆ ಶುರುವಾದ ಮೇಲೆ ದಿನಾ ಬರ್ತಾನೆ. ಹೇಳೋಕೆ ಏನೂ ಇಲ್ಲದಿದ್ರೆ ಕಿವುಡನ ಹತ್ರ ಯಾರು ಬರ್ತಾರೆ?"

ನನಗೆ ನಾಚಿಕೆಯಾಯಿತು. ಸಿಟ್ಟೂ ಹೋಗಲಿಲ್ಲ, ಅದು ಬೇರೆ ಮಾತು. ಇವರ ಕಿವಿ ಹೋದರೆ ಕಣ್ಣಿದೆ, ನನಗೆ ಬೆರಳಿದೆ. ಸ್ಲೇಟಿನ ಹಂಗೇ ಇಲ್ಲದೆ ದಿನಾ ಹರಟಬಹುದಿತ್ತು. ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ನ್ಯಾಯಾಧೀಶರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಅಂದ್ರೆ ನೀವಲ್ಲ, ನಿಮ್ಮ ಬೆರಳು ಬಾಯಿಬಿಟ್ಟಿದ್ದು ಅಂತೀರಾ?"

"ಹೌದು ಸರ್. ತಪ್ಪು ನನ್ನದೇ. ಆದ್ರೆ ಆ ಬೆರಳಲ್ಲೇ ಒಂದು ಸುಳ್ಳು ಕಳಿಸೋಣ. ಯಾರು ಎತ್ಕೊಳ್ಳೋಕೆ ಬರ್ತಾರೆ ನೋಡಿ."

ಅವರು ಪೊಲೀಸ್ ಅಧಿಕಾರಿಯನ್ನು ಕರೆಸಿದರು.

ಸುಳ್ಳನ್ನು ಕಟ್ಟಿದ್ದು ನಾನೇ. ಜಾಲರಿಯ ಮುರಿದ ತುಂಡೊಂದನ್ನು ಆ ಹೆಂಗಸು ಕದ್ದು, ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನ ಹಿಂದಿನ ಒಣ ತೊಟ್ಟಿಯಲ್ಲಿ ಮಣ್ಣು ಮುಚ್ಚಿ ಇಟ್ಟಿದ್ದಾಳೆ ಎಂಬುದು ಸುಳ್ಳು. ಅದನ್ನು ಅಪ್ಪನಿಗೆ ಒತ್ತಿ ಹೇಳಿದೆ, ಸುಳ್ಳೆಂದೂ ಹೇಳಿದೆ. ಬೇಡವೆಂದರೆ ಬಿಡಿ ಎಂದೂ ಹೇಳಿದೆ.

ಅಪ್ಪ ಬಾಗಿಲ ಕಡೆ ನೋಡಿದರು. "ಅವನು ಬೇರೆ ಯಾರಿಗೂ ಹೇಳದಿದ್ರೆ?"

"ಹೇಳದಿದ್ರೆ ತೊಟ್ಟಿ ತೋಡೋಕೆ ಯಾರೂ ಬರಲ್ಲ. ಮಾವ ಒಳ್ಳೆಯವರು ಅಂತ ನಾನೇ ಅವರ ಕಾಲು ಹಿಡೀತೀನಿ."

ಸಂಜೆ ಕುದುರೆ ಮಾವ ಬಂದ. ನಾನು ಅಂದು ಅಡುಗೆಮನೆಯ ಬಾಗಿಲು ಮುಚ್ಚಲಿಲ್ಲ. ಕಾಯಿ ಜೋಡಿಸುವ ಸದ್ದಾಯಿತು, ಸ್ಲೇಟಿನ ಮೇಲೆ ಬಳಪ ಕಿರುಗುಟ್ಟಿತು. ಇಣುಕಿದೆ. 'ಮಗಳು ಏನಂತಾಳೆ?' ಎಂದು ಬರೆದಿದ್ದ. ಅಪ್ಪ ತೊಟ್ಟಿಯ ಕತೆಯನ್ನು ತಮ್ಮ ಗಟ್ಟಿ ದನಿಯಲ್ಲೇ ಹೇಳಿದರು. ಒಂದು ಕಡೆಯೂ ತಡವರಿಸಲಿಲ್ಲ. ಸಾಕ್ಷಿಗಳನ್ನು ಕೇಳಿ ಕೇಳಿ ಪಳಗಿದ್ದರಲ್ಲ. ಹೇಳಿ ಮುಗಿಸಿ ಆನೆಯನ್ನು ನಡೆಸಿ, "ನಿನ್ನ ಆಟ" ಎಂದರು. ಮಾವ ಗಡಿಯಾರ ನೋಡಿ ಎದ್ದುಬಿಟ್ಟ. ಏನೋ ಕೆಲಸ ನೆನಪಾಯಿತು ಎಂಬಂತೆ ಕೈಯಾಡಿಸಿದ. ಚಪ್ಪಲಿ ಮೆಟ್ಟಿ ಗೇಟು ದಾಟುವಾಗ ಹಿಂದಿರುಗಿಯೂ ನೋಡಲಿಲ್ಲ.

"ಅವನ ಕುದುರೆಗೆ ದಾರಿ ಬಿಟ್ಟೇ ಇಟ್ಟಿದ್ದೆ" ಎಂದರು ಅಪ್ಪ, ಯಾರಿಗೂ ಅಲ್ಲದೆ.

ಕತ್ತಲಾಗುವ ಮೊದಲೇ ಕಾರ್ಖಾನೆಯ ಮ್ಯಾನೇಜರು ಇಬ್ಬರು ಆಳುಗಳೊಂದಿಗೆ ಒಣ ತೊಟ್ಟಿಯ ಮಣ್ಣು ತೋಡುತ್ತಾ ಪೊಲೀಸರ ಕೈಗೆ ಸಿಕ್ಕಿಬಿದ್ದ. ಅವನು ಮಾವನ ಹೆಸರು ಹೇಳಿದ, ನಿಜವಾದ ಜಾಲರಿ ಯಾವ ಗುಜರಿಗೆ ಹೋಗಿದೆ ಎಂಬುದನ್ನೂ ಹೇಳಿದ. ನೆಲ ಒರೆಸುವ ಹೆಂಗಸು ಮುಂದಿನ ಹೇಳಿಕೆಯನ್ನು ಬಾಗಿಲು ತೆರೆದಿಟ್ಟೇ, ಎಲ್ಲರೆದುರು ಕೊಟ್ಟಳು. ಮೆಟ್ಟಿಲಲ್ಲಿ ಸಿಕ್ಕಾಗ ನನ್ನನ್ನು ನೋಡಿ ತಲೆಯಾಡಿಸಿದಳು. ನನ್ನ ಗಂಡ ಮಾತು ಶುರುಮಾಡಿದ್ದಾರೆ, ಆದರೆ ಉಪ್ಪು ಕಡಿಮೆ ಎಂದರೂ "ಪರೀಕ್ಷೆ ಅಲ್ಲ ತಾನೇ?" ಎಂದು ಸೇರಿಸುತ್ತಾರೆ. ಕೇಳಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲ.

ನನ್ನ ಕೆಲಸ ಉಳಿಯಿತು, ಒಳಕೋಣೆ ಉಳಿಯಲಿಲ್ಲ. ನ್ಯಾಯಾಧೀಶರು ನನ್ನನ್ನು ಹೊರಗಿನ ದೊಡ್ಡ ಸಭಾಂಗಣಕ್ಕೆ ಹಾಕಿದರು. ಅಲ್ಲಿ ಆಡಿದ ಮಾತನ್ನು ಬೀದಿಯಲ್ಲಿ ಹೋಗುವವರೂ ಬಂದು ಕೇಳಬಹುದು. ಹಾಗಾಗಿ ಈಗ ಸಂಜೆ ನಾನು ಮಾವನ ಕುರ್ಚಿಯಲ್ಲಿ ಕುಳಿತು ಬೇಕೆಂದೇ ಎಲ್ಲವನ್ನೂ ಒತ್ತುತ್ತೇನೆ. ಯಾರ ಗೋಡೆ ಯಾರ ಜಾಗಕ್ಕೆ ಬಂತು, ಯಾರ ನಾಯಿ ಯಾರನ್ನು ಕಚ್ಚಿತು, ಗೂಬೆ ಎಲ್ಲಿ ತೂಕಡಿಸಿದ. ಅಪ್ಪ ಬಿದ್ದು ಬಿದ್ದು ನಗುತ್ತಾರೆ. ಚದುರಂಗವನ್ನೂ ಕಲಿಸುತ್ತಿದ್ದಾರೆ; ನನ್ನ ಕುದುರೆ ದಿನಾ ಸಾಯುತ್ತದೆ.

ನಿನ್ನೆ ಮಾವನ ವಿಚಾರಣೆ ಇತ್ತು. ನಾನೇ ಬರೆದುಕೊಂಡೆ. ವಕೀಲರು ಅಪ್ಪನ ಬಗ್ಗೆ ಕೇಳಿದಾಗ ಅವನು ನನ್ನ ಕಡೆ ನೋಡದೆ ಹೇಳಿದ. "ಆ ಕಿವುಡನ ಹತ್ರ ಯಾರು ಸುಮ್ಮನೆ ಕೂರ್ತಾರೆ ಸ್ವಾಮಿ? ಸುದ್ದಿ ಸಿಗುತ್ತೆ ಅಂತ ಹೋಗ್ತಿದ್ದೆ." ನನ್ನ ಬೆರಳು ಒಂದಕ್ಷರವನ್ನೂ ಬಿಡಲಿಲ್ಲ, ಬಿಡುವಂತಿಲ್ಲ.

ಸಂಜೆ ಕಾಯಿ ಜೋಡಿಸುತ್ತಾ ಅಪ್ಪ ತಲೆ ಎತ್ತದೆ ಕೇಳಿದರು, ಎಂದಿನ ಗಟ್ಟಿ ದನಿಯಲ್ಲಲ್ಲ, ಬೆರಳಿನಲ್ಲಿ. "ಇವತ್ತು ಅವನದಿತ್ತಲ್ವಾ? ನನ್ನ ಬಗ್ಗೆ ಏನಾದ್ರೂ ಅಂದನಾ?"

ನಾನು ಕೈಯನ್ನು ಮೇಜಿನ ಮೇಲಿಟ್ಟೆ. ಎರಡು ಹೆಬ್ಬೆರಳು, ಒಂದು ಕಿರುಬೆರಳು.

ಅಪ್ಪ ನನ್ನ ಬೆರಳುಗಳನ್ನು ಒಂದು ಗಳಿಗೆ ನೋಡಿದರು. ಆ ಒತ್ತನ್ನು ಕಟ್ಟಿದವರೇ ಅವರು. ಒಂದು ಕಾಲಾಳನ್ನು ಮುಂದಕ್ಕೆ ತಳ್ಳಿ, ನನ್ನ ಆಟಕ್ಕೆ ಕಾಯುತ್ತಾ ಕುಳಿತರು.